ಇಕ್ಕಳ ಯಾರ ಕೈಯಲ್ಲಿತ್ತು

ಪೆಲತ್ತಡ್ಕದ ಪುರಂದರ ಆಚಾರಿಯ ಕತ್ತಿ ಎಂದರೆ ಕಡಬದಿಂದ ಕೊಯಿಲದವರೆಗೆ ಹೆಸರು. ಗಟ್ಟಿ ಮರ ಕಡಿದರೂ ಬಾಯಿ ಮುಕ್ಕಾಗುವುದಿಲ್ಲ, ವರ್ಷಕ್ಕೊಮ್ಮೆ ಮಸೆದರೆ ಸಾಕು ಎನ್ನುತ್ತಾರೆ. ಆ ಕತ್ತಿಗಳನ್ನು ಕಳೆದ ಒಂಬತ್ತು ವರ್ಷ ಮಾಡಿದವಳು ನನ್ನ ಅಮ್ಮ. ಅವಳ ಹೆಸರು ಅಪ್ಪಿ. ನಾವು ಮುಗೇರರು. ಊರಾಚೆಯ ದಲಿತ ಕಾಲೊನಿಯಲ್ಲಿ ಇರುವವರು.

ಮೊದಲೇ ಹೇಳಿಬಿಟ್ಟೆ. ಇದನ್ನು ಹೇಳಿದ್ದಕ್ಕೇ ಇಷ್ಟೆಲ್ಲ ಆದದ್ದು.

ನನ್ನ ಅಪ್ಪ ಐತ ಆಚಾರಿಯವರ ಕುಲುಮೆಯಲ್ಲಿ ದೊಡ್ಡ ಸುತ್ತಿಗೆ ಹೊಡೆಯುತ್ತಿದ್ದ. ಆಚಾರಿಯವರು ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುವುದು, ಅಪ್ಪ ಅದೇ ಜಾಗಕ್ಕೆ ದೊಡ್ಡದನ್ನು ಇಳಿಸುವುದು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಇಲಿಜ್ವರ ಬಂದು ಅಪ್ಪ ಸತ್ತ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಅಮ್ಮ ಕುಲುಮೆಗೆ ಹೋದಳು. ಅದುವರೆಗೆ ಅವಳು ಅಲ್ಲಿಗೆ ಇದ್ದಿಲು ಹೊರುತ್ತಿದ್ದಳು. ಅಂದು ಬುಟ್ಟಿಯನ್ನು ಬದಿಗಿಟ್ಟು ಅಪ್ಪನ ಸುತ್ತಿಗೆ ಎತ್ತಿದಳು.

"ನಿನ್ನಿಂದ ಆಗುದುಂಟಾ?" ಎಂದರಂತೆ ಆಚಾರಿಯವರು.

"ಆಗದಿದ್ರೆ ಮಗುವಿಗೆ ಗಂಜಿ ಎಲ್ಲಿಂದ?" ಎಂದಳಂತೆ ಅಮ್ಮ.

ಆಯಿತು. ಮೊದಲ ವಾರ ಅಂಗೈಯ ಚರ್ಮ ಕಿತ್ತು ಬಂತು. ಎರಡನೇ ವಾರ ಕಿತ್ತ ಜಾಗವೇ ಮತ್ತೆ ಕಿತ್ತಿತು. ಆಮೇಲೆ ಅದು ದನದ ಗೊರಸಿನ ಹಾಗೆ ಗಟ್ಟಿಯಾಯಿತು. ಸೀರೆಯ ಮೇಲೆ ಅಪ್ಪನ ಹಳೆ ಅಂಗಿ ಹಾಕಿಕೊಂಡು, ತಲೆಗೆ ಬೈರಾಸು ಕಟ್ಟಿಕೊಂಡು ಹೊಡೆಯುತ್ತಿದ್ದಳು. ಕಿಡಿ ಹಾರಿ ಕೈ ತುಂಬ ಕಪ್ಪು ಚುಕ್ಕಿ. ವರ್ಷಗಳು ಕಳೆದಂತೆ ಬಲಗಡೆಯ ಹೆಗಲು ಎಡಗಡೆಯದಕ್ಕಿಂತ ಎರಡು ಬೆರಳು ಕೆಳಗಿಳಿಯಿತು. ಅವಳ ರವಿಕೆ ಹೊಲಿಯುವವಳು ಪ್ರತಿಸಲ ಅಳತೆ ತಪ್ಪಿತೆಂದು ಎರಡೆರಡು ಸಲ ಟೇಪು ಹಿಡಿಯುತ್ತಿದ್ದಳು.

ಕುಲುಮೆಯಲ್ಲಿ ಅವಳಿಗೆ ಚಹಾ ಕುಡಿಯಲು ಮೊದಲು ತೆಂಗಿನ ಗೆರಟೆ ಇತ್ತು. ಆಮೇಲೆ ಒಂದು ಅಲ್ಯುಮಿನಿಯಂ ಲೋಟ, ಹೊರಗಿನ ಕಂಬದ ಮೊಳೆಗೆ ಸಿಕ್ಕಿಸಿದ್ದು. ಕಾಲ ಬದಲಾಯಿತು ಎಂದು ಹೇಳುತ್ತಾರಲ್ಲ, ಆಗ ಲೋಟ ಹೋಗಿ ಪೇಪರ್ ಕಪ್ ಬಂತು. ಉಳಿದವರಿಗೆ ಸ್ಟೀಲ್ ಲೋಟ. "ಪೇಪರ್ ಕಪ್ ಒಳ್ಳೇದು ಅಪ್ಪಿ, ತೊಳೀಲಿಕ್ಕೆ ಇಲ್ಲ" ಎನ್ನುತ್ತಿದ್ದರು ಆಚಾರಿಯವರ ಹೆಂಡತಿ. ತಿಂಗಳಿಗೆ ಮೂರು ದಿನ ಅವಳು ಕುಲುಮೆಯ ಹತ್ತಿರ ಬರಬಾರದಿತ್ತು. ಬೆಂಕಿಗೆ ಮೈಲಿಗೆ. ಆ ಮೂರು ದಿನದ ಕೂಲಿ ಇಲ್ಲ.

ಒಂಬತ್ತು ವರ್ಷದ ಹಿಂದೆ ಆಚಾರಿಯವರ ಕೈ ನಡುಗಲು ಸುರುವಾಯಿತು. ಮೊದಲು ಬೆರಳು, ಆಮೇಲೆ ಮಣಿಕಟ್ಟು. ಇಕ್ಕಳದ ತುದಿಯ ಕಬ್ಬಿಣ ಅಡಿಗಲ್ಲಿನ ಮೇಲೆ ಟಕಟಕ ಕುಟ್ಟುತ್ತಿತ್ತು. ಪುತ್ತೂರಿನ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ತಿಂದರೆ ನಿದ್ದೆ, ಬಿಟ್ಟರೆ ನಡುಕ. ಒಂದು ದಿನ ಅವರು ಇಕ್ಕಳವನ್ನು ಅಮ್ಮನ ಕೈಗೆ ಕೊಟ್ಟು, "ಬಣ್ಣ ನೋಡು. ನಾನು ಹೇಳ್ತೇನೆ" ಎಂದರು.

ಆ ತಿಂಗಳಿಂದ ಮೂರು ದಿನದ ಮೈಲಿಗೆಯೂ ಹೋಯಿತು. ಯಾರೂ ಹೇಳಲಿಲ್ಲ. ಯಾರೂ ಕೇಳಲಿಲ್ಲ.

ಅಮ್ಮ ಬಣ್ಣ ಕಲಿತಳು. ಬಡಿಯಲು ಯಾವ ಕೆಂಪು, ಬಾಯಿ ಎಳೆಯಲು ಯಾವ ಕೆಂಪು, ನೀರಿಗೆ ಅದ್ದಲು ಯಾವ ಕೆಂಪು. ಬಾಯಿಯಷ್ಟೇ ಅದ್ದಿ ತೆಗೆದ ಮೇಲೆ ಕತ್ತಿಯ ಬೆನ್ನಿನ ಬಿಸಿ ಬಾಯಿಯ ಕಡೆಗೆ ಓಡಿ ಬರುವುದು. ಅಲ್ಲಿ ಜೇನಿನ ಬಣ್ಣ ಬಂದ ಕೂಡಲೇ ಪುನಃ ನೀರಿಗೆ ಹಾಕಿದರೆ ಕಾಲಲ್ಲಿ ಮೆಟ್ಟಿ ತರಕಾರಿ ಕೊಯ್ಯುವ ಮೆಟ್ಟುಕತ್ತಿ. ನೇರಳೆ ಬರುವವರೆಗೆ ಕಾದರೆ ಮರ ಕಡಿಯುವ ಕತ್ತಿ. ಉಸಿರು ಎಳೆದು ಬಿಡುವಷ್ಟೇ ಹೊತ್ತು. ತಡವಾದರೆ ಬಾಯಿ ಮಡಚುತ್ತದೆ, ಬೇಗವಾದರೆ ಮುರಿಯುತ್ತದೆ. ಎರಡು ವರ್ಷದಲ್ಲಿ ಆಚಾರಿಯವರು ಹೇಳುವುದನ್ನು ನಿಲ್ಲಿಸಿದರು. ಸುಮ್ಮನೆ ಬೆಂಕಿಗೆ ಗಾಳಿ ಹಾಕುವ ಬ್ಲೋವರ್ ತಿರುಗಿಸುತ್ತ ಕೂತರು. ಅಮ್ಮ ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಸುತ್ತಿಗೆ ಹಿಡಿದು ಇಬ್ಬರ ಕೆಲಸ ಒಬ್ಬಳೇ ಮಾಡಿದಳು.

ಆದರೆ ದಾರಿಯ ಬದಿಗೆ ನೀಲಿ ಟಾರ್ಪಾಲು ಕಟ್ಟಿತ್ತು. ಆಚೆ ಯಾರಾದರೂ ಬರುವ ಸದ್ದಾದರೆ ಇಕ್ಕಳ ಕೈ ಬದಲಾಗುತ್ತಿತ್ತು. ಆಚಾರಿಯವರು ಅದನ್ನು ಮೊಣಕಾಲಿಗೆ ಒತ್ತಿ ಹಿಡಿದು ನಡುಕ ಅಡಗಿಸುತ್ತಿದ್ದರು. ಅಮ್ಮ ದೊಡ್ಡ ಸುತ್ತಿಗೆ ಎತ್ತಿಕೊಂಡು ಹಿಂದೆ ನಿಲ್ಲುತ್ತಿದ್ದಳು. ಬಂದವರು ಕತ್ತಿ ತೆಗೆದುಕೊಂಡು, "ಆಚಾರ್ರ ಕೈ ಅಂದ್ರೆ ಕೈ" ಎಂದು ಹೋಗುತ್ತಿದ್ದರು. ಅವರು ಹೋದ ಮೇಲೆ ಇಕ್ಕಳ ಮತ್ತೆ ಅಮ್ಮನ ಕೈಗೆ.

ನಾನು ಕೇಳುತ್ತಿದ್ದೆ, "ನಿಂಗೆ ಸಿಟ್ಟು ಬರುದಿಲ್ವಾ?"

"ಕಲಿಸಿದ್ದಾರಲ್ಲ ಮಗಾ" ಎನ್ನುತ್ತಿದ್ದಳು.

ಆಚಾರಿಯವರ ಮಗ ರೂಪೇಶ. ಅಮ್ಮ ಎತ್ತಿ ಆಡಿಸಿದ ಹುಡುಗ. ಈಗ ಅವಳು ಅವನನ್ನು ರೂಪೇಶಣ್ಣ ಎನ್ನಬೇಕು, ಅವನು ಅವಳನ್ನು ಅಪ್ಪಿ ಎನ್ನುತ್ತಾನೆ. ಐಟಿಐ ಮುಗಿಸಿ ಕಡಬದಲ್ಲಿ ವೆಲ್ಡಿಂಗ್ ಶಾಪ್ ಹಾಕಿದ್ದ. ಗೇಟು, ಗ್ರಿಲ್ಲು, ಶೀಟಿನ ಮಾಡು. ಕುಲುಮೆಗೆ ಬಂದರೆ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದ. ಅವನು ಅಡಿಗಲ್ಲಿನ ಮುಂದೆ ನಿಂತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಅವನು ನನ್ನ ಅಂಗಡಿಗೆ ಬಂದ. ಅಂಗಡಿ ನನ್ನದಲ್ಲ, ನಾನು ಕೆಲಸಕ್ಕಿರುವುದು. ಕಡಬ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ತೆಗೆಯುವುದು, ಆನ್‌ಲೈನ್ ಅರ್ಜಿ ತುಂಬುವುದು.

"ಹೇಮ, ಇದೊಂದು ಫಾರಂ ತುಂಬಿ ಕೊಡು."

ಕುಲಕಸುಬು ಉಳಿಸಲು ಹೊರಟ ಯಾವುದೋ ಒಂದು ಸಂಸ್ಥೆಯ ಅರ್ಜಿ. ತಂದೆಯಿಂದ ಮಗನಿಗೆ ಕಸುಬು ದಾಟಿಸುವ ಮನೆತನಗಳನ್ನು ಹುಡುಕಿ ಅವರು ಪ್ರಶಸ್ತಿ ಕೊಡುತ್ತಾರೆ. ಜೊತೆಗೆ ಕರೆಂಟಿನಲ್ಲಿ ನಡೆಯುವ ಸುತ್ತಿಗೆಯ ಮೆಷಿನ್. ಮಂಗಳೂರಿನ ಮೇಳಗಳಲ್ಲಿ ಅಂಗಡಿ ಹಾಕಲು ಜಾಗ.

'ಈ ಕಸುಬನ್ನು ಯಾರಿಂದ ಕಲಿತಿರಿ?' ಎಂದು ಒಂದು ಪ್ರಶ್ನೆ ಇತ್ತು.

"ತಂದೆಯಿಂದ ಅಂತ ಹಾಕು."

"ನೀವು ಕಲ್ತದ್ದು ಯಾವಾಗ ರೂಪೇಶಣ್ಣ?"

"ಅದೆಲ್ಲ ನಿಂಗೆ ಎಂತಕೆ? ಹಾಕು."

ಕೆಳಗೆ 'ಜೊತೆಗೆ ಕೆಲಸ ಮಾಡುವ ಕುಶಲಕರ್ಮಿಗಳು' ಎಂದಿತ್ತು. "ಇಲ್ಲಿ ಅಮ್ಮನ ಹೆಸರು ಹಾಕ್ತೇನೆ" ಎಂದೆ.

"ಬೇಡ. ಇದು ಕುಲಕಸುಬಿನವರಿಗೆ ಇರುದು. ಒಬ್ಬೊಬ್ಬರದ್ದೂ ಕುಲ ಕೇಳ್ತಾರೆ, ಕುಲಕಸುಬು ಕೇಳ್ತಾರೆ. ನಿಮ್ಮದು ಎಂತ ಬರೆಯುದು? ಹೇಳು ನೋಡುವ."

ಅಂಗಡಿಯಲ್ಲಿ ಇನ್ನೂ ಇಬ್ಬರಿದ್ದರು. ಒಬ್ಬ ನಕ್ಕ. ಬಿ.ಕಾಂ. ಮಾಡಿದವಳು ನಾನು. ಆ ಜಾಗ ಖಾಲಿ ಬಿಟ್ಟೆ. ಸಬ್ಮಿಟ್ ಒತ್ತಿದೆ. ಸುಳ್ಳು ಅವನದು, ಟೈಪ್ ಮಾಡಿದ ಬೆರಳು ನನ್ನದು.

ಸಂಜೆ ಅಮ್ಮನಿಗೆ ಹೇಳಿದೆ. ಅವಳು ಮೀನು ತೊಳೆಯುತ್ತಿದ್ದಳು. "ಮೆಷಿನ್ ಬಂದ್ರೆ ಹೊಡಿಲಿಕ್ಕೆ ಜನ ಬೇಡ ಅಲ್ವಾ?" ಎಂದು ಕೇಳಿದಳು. ಅವಳಿಗೆ ಅದೊಂದೇ ಚಿಂತೆ. ನನಗೆ ಅವಳ ಮೇಲೆಯೇ ಸಿಟ್ಟು ಬಂತು.

ಡಿಸೆಂಬರಿನಲ್ಲಿ ಸಂಸ್ಥೆಯವರು ನೋಡಲು ಬಂದರು. ಏನಾದರೂ ದಾಖಲೆ ಕೇಳಿದರೆ ಇರಲಿ ಎಂದು ರೂಪೇಶ ನನ್ನನ್ನೂ ಕರೆದಿದ್ದ. ಕುಲುಮೆಯ ಟಾರ್ಪಾಲು ಬಿಚ್ಚಿದ್ದರು. ಅಂಗಳಕ್ಕೆ ನೀರು ಚಿಮುಕಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಸಂಸ್ಥೆಯಿಂದ ಕನ್ನಡಕದ ಒಬ್ಬರು, ಕ್ಯಾಮರಾ ಹಿಡಿದ ಒಬ್ಬಳು ಹುಡುಗಿ. ಊರಿನ ಕಡೆಯಿಂದ ರಬ್ಬರ್ ತೋಟದ ಬೆಳ್ಯಪ್ಪ ಗೌಡರು, ಅಡಿಕೆ ತೋಟದ ಗೌರೀಶಂಕರ ಭಟ್ಟರು. ಇಬ್ಬರೂ ಆಚಾರಿಯವರ ಹಳೆಯ ಗಿರಾಕಿಗಳು. ಸಾಕ್ಷಿ ಹೇಳಲು ಬಂದವರು.

ರೂಪೇಶ ಅಮ್ಮನನ್ನು ಬದಿಗೆ ಕರೆದ. "ನೀನು ಹಿಂದೆ ಬ್ಲೋವರಿನ ಹತ್ರ ಇರು. ನಾನು ಸನ್ನೆ ಮಾಡಿದಾಗ ಮಾತ್ರ ಬಂದು ಹೊಡಿ. ಫೋಟೋಕ್ಕೆ ಬರಬೇಡ. ಮಾತಾಡಬೇಡ. ನೀರಿಗೆ ಹಾಕುವಾಗ ಮಾತ್ರ ಒಂದು ಸಲ ಕೆಮ್ಮು, ನಂಗೆ ಗೊತ್ತಾಗ್ತದೆ."

ಕೆಮ್ಮು. ಒಂಬತ್ತು ವರ್ಷದ ವಿದ್ಯೆಗೆ ಒಂದು ಕೆಮ್ಮು.

ಅಮ್ಮ "ಆಯ್ತು" ಎಂದಳು.

ಆಚಾರಿಯವರು ಪಂಚೆ ಉಟ್ಟು, ಶಾಲು ಹೊದ್ದು ಬಂದರು. ಮನೆಯ ಹಳೆಯ ಇಕ್ಕಳವನ್ನು ಎರಡೂ ಕೈಯಲ್ಲಿ ಹಿಡಿದು ಮಗನಿಗೆ ಕೊಟ್ಟರು. ಚಪ್ಪಾಳೆ. ಹುಡುಗಿ ಫೋಟೋ ತೆಗೆದಳು. ಇಕ್ಕಳ ನಡುಗಿದ್ದನ್ನು ನೋಡಿ ಕನ್ನಡಕದವರು, "ಭಾವನಾತ್ಮಕ ಕ್ಷಣ" ಎಂದರು.

ಆಮೇಲೆ ಕತ್ತಿ ಮಾಡಿ ತೋರಿಸಬೇಕಾಯಿತು. ಲಾರಿಯ ಹಳೆ ಸ್ಪ್ರಿಂಗ್ ಪ್ಲೇಟಿನ ತುಂಡನ್ನು ರೂಪೇಶ ಬೆಂಕಿಗಿಟ್ಟ. ಕಬ್ಬಿಣ ಕೆಂಪಾಯಿತು, ಕಿತ್ತಳೆಯಾಯಿತು. ಅವನು ಕ್ಯಾಮರಾ ನೋಡುತ್ತಿದ್ದ. ಕಬ್ಬಿಣ ಬಿಳಿಯಾಗಿ ಚಿಟಿಚಿಟಿ ಕಿಡಿ ಉಗುಳಿತು. ಅಮ್ಮ ತಡೆಯಲಾರದೆ, "ಹೊತ್ತಿತು, ತೆಗೀರಿ" ಎಂದಳು.

"ನೀನು ಸುಮ್ಮನಿರು."

ಹೊರಗೆ ತೆಗೆದ. ಅಮ್ಮ ಹೊಡೆದಳು. ಅವನು ಇಕ್ಕಳ ಓರೆ ಹಿಡಿದಿದ್ದ. ಪೆಟ್ಟು ಬಿದ್ದ ಕೂಡಲೇ ಕಬ್ಬಿಣ ಎಗರಿ ಅವನ ಮಣಿಕಟ್ಟು ಝುಮ್ಮೆಂದಿತು. "ಸರಿ ಹೊಡಿಯೇ!" ಎಂದು ಕಿರುಚಿದ. ಮತ್ತೆ ಕುರ್ಚಿಗಳ ಕಡೆ ತಿರುಗಿ ನಗುತ್ತ, "ಎಷ್ಟು ವರ್ಷ ಆದ್ರೂ ಇವರಿಗೆ ತಾಳ ಸಿಗುದಿಲ್ಲ" ಎಂದ.

ಕ್ಯಾಮರಾದ ಹುಡುಗಿ, "ಅಮ್ಮಾ, ಸ್ವಲ್ಪ ಆಚೆ ನಿಲ್ತೀರಾ? ಫ್ರೇಮಿಗೆ ಬರ್ತಿದ್ದೀರಿ" ಎಂದಳು. ಅವಳದು ತಪ್ಪಿಲ್ಲ. ಅವಳಿಗೆ ಹಾಗೆಂದು ಹೇಳಿಕೊಟ್ಟಿದ್ದರು.

ಬೆಳ್ಯಪ್ಪ ಗೌಡರು, "ಅದು ಕೆಲಸದವಳು, ಬಿಡಿ" ಎಂದರು.

ಅಮ್ಮ ಆಚೆ ನಿಂತು ಹೊಡೆದಳು. ಕೈ ಉದ್ದ ಮಾಡಿ, ಸೊಂಟ ತಿರುಚಿ, ಫ್ರೇಮಿನ ಹೊರಗಿನಿಂದ. ಬೆವರು ಮೂಗಿನ ತುದಿಯಿಂದ ಕಬ್ಬಿಣದ ಮೇಲೆ ಬಿದ್ದು ಚುಂಯ್ ಎನ್ನುತ್ತಿತ್ತು. ನಾಲ್ಕು ಸಲ ಕಾಯಿಸಿ ಬಡಿದ ಮೇಲೆ ಅದು ಹೇಗೋ ಕತ್ತಿಯ ಆಕಾರಕ್ಕೆ ಬಂತು. ಐದನೇ ಸಲ ರೂಪೇಶ ಅದನ್ನು ಅಡಿಗಲ್ಲಿನ ಮೇಲಿಟ್ಟಾಗ ಕನ್ನಡಕದವರು ಕೇಳಿದರು, "ಇನ್ನು ಇದಕ್ಕೆ ಹದ ಕೊಡಬೇಕಲ್ಲ. ಅದು ನಿಮಗೆ ಹೇಗೆ ಗೊತ್ತಾಗುತ್ತೆ? ಪುಸ್ತಕ ಇಲ್ಲ, ಮೀಟರ್ ಇಲ್ಲ."

ರೂಪೇಶ ಎದೆ ಮುಟ್ಟಿಕೊಂಡ. "ಅದು ಕಲಿಯುದಲ್ಲ ಸರ್. ರಕ್ತದಲ್ಲೇ ಉಂಟು."

ಅಮ್ಮ ಎತ್ತಿದ ಸುತ್ತಿಗೆಯನ್ನು ಇಳಿಸಲಿಲ್ಲ. ಹಾಗೇ ಹಿಡಿದು ನಿಂತಳು. ಆಮೇಲೆ ನಿಧಾನವಾಗಿ ನೆಲಕ್ಕಿಟ್ಟಳು.

"ಹೊಡಿ" ಎಂದ ರೂಪೇಶ.

ಅವಳು ಬೈರಾಸು ಬಿಚ್ಚಿ ಮುಖ ಒರೆಸಿಕೊಂಡಳು.

"ಹೊಡಿ ಅಪ್ಪಿ, ತಣಿತದೆ."

"ರಕ್ತದಲ್ಲೇ ಉಂಟಲ್ಲ" ಎಂದಳು ಅಮ್ಮ. "ರಕ್ತವೇ ಹೊಡಿಲಿ."

ಕಿತ್ತಳೆ ಕಬ್ಬಿಣ ಕೆಂಪಾಯಿತು. ಕೆಂಪು ಕಂದಾಯಿತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಅಂಚಿನಿಂದ ಕಪ್ಪು ಹತ್ತುತ್ತ ಹತ್ತುತ್ತ ನಡುವೆ ಒಂದು ಚೂರು ಕೆಂಪು ಉಳಿಯಿತು. ಅದೂ ಆರಿತು.

ಬೆಳ್ಯಪ್ಪ ಗೌಡರು ಎದ್ದರು. "ಎಂತ ಅಪ್ಪಿ ಇದು? ಹೊರಗಿನವರ ಎದುರು? ಅನ್ನ ಕೊಟ್ಟ ಮನೆ ಅಲ್ವಾ?"

"ಅನ್ನ ಕೊಟ್ಟದ್ದು ಈ ಕೈ ಗೌಡ್ರೆ. ಈ ಮನೆಗೂ ಇದೇ ಕೈ ಕೊಟ್ಟದ್ದು." ಅವಳ ದನಿ ಏರಲಿಲ್ಲ. "ನಿಮ್ಮ ತೋಟದಲ್ಲಿ ಏಳು ಕತ್ತಿ ಉಂಟು. ಏಳೂ ನಾನು ಮಾಡಿದ್ದು. ಭಟ್ರೆ, ಹೋದ ವರ್ಷ ನಿಮ್ಮ ಅಡಿಗೆಕೋಣೆಗೆ ಮೆಟ್ಟುಕತ್ತಿ ತೆಗೊಂಡು ಹೋದಿರಿ. ನಿಮ್ಮ ಹೆಂಡತಿ ವಸುಮತಿ ಅಮ್ಮನಿಗೆ ಭಾರೀ ಖುಷಿಯಾಗಿದೆ ಅಂತ ನೀವೇ ಬಂದು ಹೇಳಿದಿರಿ. ನನ್ನನ್ನು ನಿಮ್ಮ ಜಗಲಿಗೆ ಹತ್ತಿಸುದಿಲ್ಲ. ನನ್ನ ಕತ್ತಿ ನಿಮ್ಮ ಅಡಿಗೆಕೋಣೆಯಲ್ಲಿ ಕೂತು ತರಕಾರಿ ಕೊಯ್ತದೆ. ಯಾರು ಮಾಡಿದ್ದು ಅಂತ ಆಚಾರ್ರ ಹತ್ರವೇ ಕೇಳಿ."

ಗೌರೀಶಂಕರ ಭಟ್ಟರ ಮುಖ ಬಿಳಿಚಿತು. ಅವರು ಆಚಾರಿಯವರ ಕಡೆ ತಿರುಗಿದರು. "ಹೌದಾ ಪುರಂದರ?"

ಅಮ್ಮನೂ ಆಚಾರಿಯವರನ್ನೇ ನೋಡಿದಳು. ಅವಳ ಕಣ್ಣಲ್ಲಿ ಇನ್ನೂ ಆಸೆ ಇತ್ತು. ಅದನ್ನು ನಾನು ನೋಡಿದ್ದೇನೆ. ಅದಕ್ಕೇ ನನಗೆ ಈಗಲೂ ತಡೆಯಲು ಆಗುವುದಿಲ್ಲ.

ಆಚಾರಿಯವರು ಶಾಲಿನೊಳಗೆ ಕೈ ಅಡಗಿಸಿಕೊಂಡರು. ನೆಲ ನೋಡಿದರು.

"ನಾನೇ" ಎಂದರು. "ನಾನೇ ಮಾಡಿದ್ದು."

ಅಮ್ಮ ಸುತ್ತಿಗೆಯನ್ನು ಅಲ್ಲೇ ಬಿಟ್ಟು ನಡೆದಳು. ನಾನು ಹಿಂದೆ ಓಡಿದೆ. ದಾರಿಯುದ್ದಕ್ಕೂ ಅವಳು ತಿರುಗಿ ನೋಡಲಿಲ್ಲ. ಮನೆಗೆ ಬಂದು ಅಪ್ಪನ ಅಂಗಿ ಬಿಚ್ಚಿ ಎಸೆದಳು. ಹಗಲಿಡೀ ಗೋಡೆಗೆ ಒರಗಿ ಕೂತಳು. ಅಳಲಿಲ್ಲ. "ನಾನೇ ಅಂದ್ರು" ಎಂದಳು ಒಮ್ಮೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ನಾನೇ ಅಂದ್ರು ಹೇಮ."

ಒಂದು ತಿಂಗಳಲ್ಲಿ ಪ್ರಶಸ್ತಿ ಬಂತು. ಹೌದು, ರೂಪೇಶನಿಗೇ ಬಂತು. ತಣಿದ ಕಬ್ಬಿಣ ಯಾರ ಲೆಕ್ಕಕ್ಕೂ ಬರಲಿಲ್ಲ. ಪೇಪರಿನಲ್ಲಿ ಫೋಟೋ ಹಾಕಿದ್ದರು. ರೂಪೇಶ ಇಕ್ಕಳ ಹಿಡಿದಿದ್ದಾನೆ, ಆಚಾರಿಯವರು ಪಕ್ಕದಲ್ಲಿ. ಅಂಚಿನಲ್ಲಿ ಮೊಣಕೈಯವರೆಗೆ ಒಂದು ಕೈ, ಸುತ್ತಿಗೆ ಹಿಡಿದದ್ದು. ಮೈ ಕತ್ತರಿಸಿ ಹೋಗಿದೆ. ನಾನು ಅದನ್ನು ನಮ್ಮ ಅಂಗಡಿಯಲ್ಲೇ ನೋಡಿದೆ. ಯಾರೋ ಜೆರಾಕ್ಸ್‌ಗೆ ತಂದಿದ್ದರು. ಹತ್ತು ಪ್ರತಿ ತೆಗೆದುಕೊಟ್ಟೆ.

ಮೆಷಿನ್ ಸುತ್ತಿಗೆಯೂ ಬಂತು. ಅದು ಬಡಿಯುತ್ತದೆ, ಬಣ್ಣ ನೋಡುವುದಿಲ್ಲ. ರೂಪೇಶ ಮಾಡಿದ ಕತ್ತಿಗಳು ಕೆಲವು ಮುರಿದವು, ಕೆಲವು ಮಡಚಿದವು. ಆಮೇಲೆ ಅವನು ಹೊರಗಿನಿಂದ ರೆಡಿಮೇಡ್ ಕತ್ತಿ ಡಜನುಗಟ್ಟಲೆ ತರಿಸಿ, ಅದಕ್ಕೆ ಮನೆತನದ ಹೆಸರಿನ ಸ್ಟಿಕರ್ ಅಂಟಿಸಿ ಮಾರತೊಡಗಿದ.

ಅಮ್ಮ ಕುಲುಮೆ ಬಿಟ್ಟು ಬಂದ ನಾಲ್ಕನೇ ದಿನವೇ ಎದ್ದಿದ್ದಳು. ಮನೆಯ ಹಿಂದೆ ಮಣ್ಣು ಅಗೆದು ಒಲೆ ಮಾಡಿದಳು. ಮೇಲೆ ನಾಲ್ಕು ಶೀಟಿನ ಮಾಡು. ಗುಜರಿಯ ಮೊಯ್ದಿನಬ್ಬ ರೈಲು ಕಂಬಿಯ ಒಂದು ತುಂಡು ತಂದುಕೊಟ್ಟರು, ಅಡಿಗಲ್ಲಿಗೆ. ಕೈಯಲ್ಲಿ ತಿರುಗಿಸುವ ತುಕ್ಕು ಹಿಡಿದ ಬ್ಲೋವರ್ ಒಂದು. ಲಾರಿಯ ಪ್ಲೇಟುಗಳು.

"ನನ್ನ ಗುಜರಿಯಲ್ಲ ಇದು, ನಿನ್ನ ಕಚ್ಚಾಮಾಲು" ಎಂದರು ಮೊಯ್ದಿನಬ್ಬ. "ಝುಲೈಖಾ ಮೀನು ಕೊಯ್ಯುವ ಕತ್ತಿ ಕೇಳಿದ್ದಾಳೆ. ಮೊದಲಿನದ್ದು ನಮ್ಮ ಮನೆಗೆ." ಝುಲೈಖಾ ಅವರ ಹೆಂಡತಿ. ಅಮ್ಮ ಆ ಕತ್ತಿಗೆ ಜೇನಿನ ಬಣ್ಣದ ಹದ ಹಾಕಿದಳು. ಒಬ್ಬಳೇ ಹೊಡೆದಳು. ಅಂದು ಸಂಜೆ ಅವಳಿಗೆ ಬಲಗೈ ಎತ್ತಿ ತಲೆ ಬಾಚಲು ಆಗಲಿಲ್ಲ. ನಾನು ಬಾಚಿದೆ.

ಮರುದಿನ ಬೆಳಿಗ್ಗೆ ದೊಡ್ಡ ಸುತ್ತಿಗೆ ನಾನು ಎತ್ತಿದೆ.

"ಇಡು ಕೆಳಗೆ" ಎಂದಳು ಅಮ್ಮ. "ನಿನ್ನನ್ನು ಓದಿಸಿದ್ದು ಇದಕ್ಕಾ?"

"ಓದಿ ಎಂತ ಮಾಡಿದೆ? ಸುಳ್ಳು ಟೈಪ್ ಮಾಡಿದೆ."

"ಇಡು ಅಂದೆ."

"ನಿನ್ನ ಹೆಗಲು ನೋಡಿಕೊಂಡಿದ್ದೀಯಾ? ಯಾರು ಹೊಡೀತಾರೆ ಹಾಗಾದ್ರೆ? ನೀನು ಸತ್ತ ಮೇಲೆ ಇದು ಯಾರಿಗೆ ಗೊತ್ತಿರ್ತದೆ?"

ಅವಳು ಕೆನ್ನೆಗೆ ಹೊಡೆಯಲು ಕೈ ಎತ್ತಿದಳು. ಕೈ ಹೆಗಲಿನವರೆಗೆ ಮಾತ್ರ ಬಂತು. ಅಲ್ಲೇ ನಿಂತಿತು. ಆಮೇಲೆ ಅವಳು ಇಕ್ಕಳ ತೆಗೆದುಕೊಂಡಳು. ಅಂದಿನಿಂದ ಬೆಳಿಗ್ಗೆ ಆರರಿಂದ ಎಂಟೂವರೆಯವರೆಗೆ ನಾನು ಹೊಡೆಯುತ್ತೇನೆ. ಒಂಬತ್ತರ ಜೀಪಿಗೆ ಕಡಬಕ್ಕೆ ಹೋಗುತ್ತೇನೆ. ಅಂಗೈಯಲ್ಲಿ ಬೊಬ್ಬೆ ಒಡೆದು ಕೀಬೋರ್ಡಿಗೆ ರಕ್ತ ಅಂಟಿದ ದಿನವೂ ಉಂಟು.

ರೂಪೇಶ ಇಬ್ಬರನ್ನು ಕರೆದುಕೊಂಡು ಬೈಕಿನಲ್ಲಿ ಬಂದ. ಅಂಗಳದ ಆಚೆ ನಿಂತೇ ಹೇಳಿದ, "ಅಪ್ಪಿ, ಇದು ನಮ್ಮ ಕಸುಬು. ನಾಳೆ ನಿಮ್ಮ ಕೆಲಸಕ್ಕೆ ನಾವು ಬಂದ್ರೆ ಆಗ್ತದಾ?"

"ಬನ್ನಿ ರೂಪೇಶಣ್ಣ. ಯಾರು ಬೇಡ ಅಂದದ್ದು?" ಎಂದಳು ಅಮ್ಮ. "ನಾಳೆ ಗೌಡ್ರ ತೋಡಿನ ಹೂಳು ತೆಗೀಲಿಕ್ಕೆ ಉಂಟು. ಜನ ಸಾಲುದಿಲ್ಲ. ಏಳು ಗಂಟೆಗೆ ಬನ್ನಿ, ಬುಟ್ಟಿ ಅಲ್ಲೇ ಕೊಡ್ತಾರೆ."

ಅವರು ಹೋದರು. ಹೂಳು ತೆಗೆಯಲು ಬರಲಿಲ್ಲ.

ಈಗ ನಮಗೆ ಗಿರಾಕಿ ಇಲ್ಲ ಎಂದಲ್ಲ. ಕಾಲೊನಿಯವರು ಬರುತ್ತಾರೆ. ರಬ್ಬರ್ ಟ್ಯಾಪಿಂಗ್ ಮಾಡುವವರು, ಮೀನಿನವರು, ಮರ ಕಡಿಯುವವರು ಬರುತ್ತಾರೆ. ತೋಟದವರು ಬರುವುದಿಲ್ಲ. ಬೆಳ್ಯಪ್ಪ ಗೌಡರ ಆಳುಗಳು ಗೌಡರಿಗೆ ಗೊತ್ತಾಗದ ಹಾಗೆ ಕತ್ತಿ ತಂದು ಹದ ಹಾಕಿಸಿಕೊಂಡು ಹೋಗುತ್ತಾರೆ. ಆಗ ನಮ್ಮ ಮಾಡಿಗೂ ಟಾರ್ಪಾಲು ಕಟ್ಟು ಎನ್ನುತ್ತಾರೆ, ದಾರಿಯಿಂದ ಕಾಣಬಾರದಂತೆ. ಅಮ್ಮ ಕಟ್ಟಲಿಲ್ಲ. "ಕಾಣುದಾದ್ರೆ ಕಾಣಲಿ. ಬೇಡದಿದ್ರೆ ಬರಬೇಡಿ" ಎಂದಳು. ಅದರಿಂದ ಇನ್ನೂ ಕೆಲವರು ಕಡಿಮೆಯಾದರು.

ಏಪ್ರಿಲಿನ ಒಂದು ಭಾನುವಾರ ಆಚಾರಿಯವರು ಬಂದರು. ಒಬ್ಬರೇ, ನಡೆದುಕೊಂಡು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಇತ್ತು. ನಾವು ಕಬ್ಬಿಣ ಬೆಂಕಿಗಿಟ್ಟಿದ್ದೆವು.

"ಬನ್ನಿ ಆಚಾರ್ರೆ. ಮಾಡಿನ ಅಡಿಗೆ ಬನ್ನಿ, ಬಿಸಿಲು" ಎಂದಳು ಅಮ್ಮ. ಅವರು ಬಿಸಿಲಲ್ಲೇ ನಿಂತರು. ಪೇಪರ್ ಬಿಚ್ಚಿದರು. ಗೌರೀಶಂಕರ ಭಟ್ಟರ ಮನೆಯ ಮೆಟ್ಟುಕತ್ತಿ. ಬಾಯಿ ಬಾಡಿದ ಎಲೆಯ ಹಾಗೆ ಮಡಚಿತ್ತು. ಮೈಯೆಲ್ಲ ಬೂದಿ ಬಣ್ಣ.

ಅಮ್ಮ ದೂರದಿಂದಲೇ ನೋಡಿ ಕೇಳಿದಳು, "ಬೆಂಕಿಗೆ ಹಾಕಿದ್ದಾ?"

"ಬಚ್ಚಲೊಲೆಗೆ. ನೀನು ಅಂದು ಹಾಗೆ ಹೇಳಿದ ಮೇಲೆ ವಸುಮತಿ ಅಮ್ಮನಿಗೆ ಮನಸ್ಸಿಗೆ ಸಮಾಧಾನ ಇರಲಿಲ್ಲ. ಬೆಂಕಿಯಲ್ಲಿ ಶುದ್ಧ ಆಗ್ಲಿ ಅಂತ ರಾತ್ರಿಯಿಡೀ ಇಟ್ಟಿದ್ದಾರೆ. ಹದ ಹೋಯ್ತು. ಈಗ ಸೌತೆಕಾಯಿಯೂ ತುಂಡಾಗುದಿಲ್ಲ. ಭಟ್ರು ನನ್ನ ಹತ್ರ ಕಳಿಸಿದ್ದಾರೆ." ಅವರು ಬಲಗೈ ಮುಂದೆ ಚಾಚಿದರು. ಅದು ಗಾಳಿಗೆ ಸಿಕ್ಕ ಹಾಗೆ ಅಲುಗುತ್ತಿತ್ತು. "ರೂಪೇಶನಿಂದ ಆಗುದಿಲ್ಲ. ನನ್ನಿಂದ ಆಗುದಿಲ್ಲ. ಒಮ್ಮೆ ಹದ ಹಾಕಿ ಕೊಡು ಅಪ್ಪಿ. ನನ್ನ ಮರ್ಯಾದೆ ಹೋಗ್ತದೆ."

"ಹಾಕ್ತೇನೆ. ಯಾರು ಹಾಕಿದ್ದು ಅಂತ ಭಟ್ರಿಗೆ ಹೇಳ್ತೀರಾ?"

ಆಚಾರಿಯವರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ನಿಂಗೆ ಗೊತ್ತುಂಟು, ನಂಗೆ ಗೊತ್ತುಂಟು. ಸಾಲದಾ?" ಎಂದರು.

"ಸಾಲುದಿಲ್ಲ."

"ನಾನು ನಿಂಗೆ ಕಲಿಸಿದೆ ಅಪ್ಪಿ. ಬೇರೆ ಯಾವ ಆಚಾರಿ ಕಲಿಸ್ತಿದ್ದ? ಅದನ್ನು ನೆನಸು."

ಅಮ್ಮನ ಕಣ್ಣು ತುಂಬಿತು. ಅವತ್ತು ಕುಲುಮೆಯಲ್ಲಿ ಬಾರದ ನೀರು ಈಗ ಬಂತು. "ನೆನಸ್ತೇನೆ. ದಿನಾ ನೆನಸ್ತೇನೆ. ಯಾರು ಕೇಳಿದ್ರೂ ಹೇಳ್ತೇನೆ, ಕಲಿಸಿದ್ದು ಪುರಂದರ ಆಚಾರ್ರು ಅಂತ. ಬಂದವರೆಲ್ಲರ ಹತ್ರ ಹೇಳಿದ್ದೇನೆ, ಬೇಕಾದ್ರೆ ಕೇಳಿ ನೋಡಿ. ನಿಮಗೆ ಯಾಕೆ ಹೇಳ್ಲಿಕ್ಕೆ ಆಗುದಿಲ್ಲ ಆಚಾರ್ರೆ, ಕಲ್ತದ್ದು ಅಪ್ಪಿ ಅಂತ?"

ಅವರು ಕತ್ತಿಯನ್ನು ಪುನಃ ಪೇಪರಿನಲ್ಲಿ ಸುತ್ತಲು ಹೊರಟರು. ಕೈ ನಿಲ್ಲಲಿಲ್ಲ. ಪೇಪರ್ ಪರಪರ ಎನ್ನುತ್ತಿತ್ತು. ಎರಡು ಸಲ ಬಿಚ್ಚಿಕೊಂಡಿತು. ಅಮ್ಮ ಸುತ್ತಿ ಕೊಡಲು ಎದ್ದವಳು ಎರಡು ಹೆಜ್ಜೆ ಇಟ್ಟು ನಿಂತಳು. ಮತ್ತೆ ಬಂದು ಕೂತಳು. ಅವರು ಅರ್ಧ ಸುತ್ತಿದ ಕತ್ತಿಯನ್ನು ಎದೆಗೆ ಒತ್ತಿಕೊಂಡು ಹೊರಟರು. ದಾರಿಯ ತಿರುವಿನವರೆಗೆ ನಾನು ನೋಡುತ್ತಲೇ ಇದ್ದೆ.

"ಅಲ್ಲಿ ಎಂತ ನೋಡುದು?" ಅಮ್ಮ ನನ್ನ ಮೇಲೆ ಹರಿಹಾಯ್ದಳು. "ಕಬ್ಬಿಣ ಹೊತ್ತಿ ಹೋಯ್ತು. ಒಂದು ಪ್ಲೇಟು ದಂಡ."

ಅಂದು ಅವಳು ಊಟ ಮಾಡಲಿಲ್ಲ. ಹದ ಹಾಕಿ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಒಮ್ಮೆ ಕೇಳಿದಳು. ನನ್ನನ್ನೇ ಕೇಳಿದಳೋ ತನ್ನಷ್ಟಕ್ಕೆ ಹೇಳಿಕೊಂಡಳೋ ಗೊತ್ತಾಗಲಿಲ್ಲ.

ನಮ್ಮ ಅಂಗಡಿಗೆ ಆನ್‌ಲೈನ್ ಪಾರ್ಸೆಲ್‌ಗಳು ಕೂಡ ಬರುತ್ತವೆ. ಒಳಗಿನ ಊರುಗಳಿಗೆ ಡೆಲಿವರಿಯವರು ಹೋಗುವುದಿಲ್ಲ. ಜನ ಇಲ್ಲಿಗೇ ಬಂದು ತೆಗೆದುಕೊಂಡು ಹೋಗುತ್ತಾರೆ. ಮೇ ತಿಂಗಳಲ್ಲಿ ಗೌರೀಶಂಕರ ಭಟ್ಟರು ಬಂದರು. ನಾನು ಡಬ್ಬ ಹುಡುಕಿ ಮೇಜಿನ ಮೇಲಿಟ್ಟೆ. ಅವರು ಮೊಬೈಲಿಗೆ ಬಂದ ನಂಬರ್ ಹೇಳಿದರು. ಒಡೆದಿದೆಯೋ ನೋಡಬೇಕೆಂದು ಅಲ್ಲೇ ಡಬ್ಬ ಬಿಚ್ಚಿದರು.

ಸ್ಟೀಲಿನ ಮೆಟ್ಟುಕತ್ತಿ. ಮಡಚಿ ಇಡುವಂಥದ್ದು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಭಟ್ಟರು ಹೆಬ್ಬೆರಳಿನಿಂದ ಬಾಯಿ ಸವರಿ ನೋಡಿದರು. ತಲೆಯಾಡಿಸಿದರು.

"ಇದು ಯಾರು ಮಾಡಿದ್ದು ಭಟ್ರೆ?" ಎಂದು ಕೇಳಿದೆ.

"ಕಂಪೆನಿಯದ್ದು."

"ಕಂಪೆನಿಯಲ್ಲಿ ಯಾರು?"

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಮೇಜಿನ ಮೇಲಿದ್ದ ನನ್ನ ಅಂಗೈ ನೋಡಿದರು. ಯಾರ ಮಗಳು ಎಂದು ಗುರುತು ಸಿಕ್ಕಿತು. ಕತ್ತಿಯನ್ನು ಡಬ್ಬಕ್ಕೆ ತುರುಕಿದರು.

"ಅದನ್ನೆಲ್ಲ ಯಾರು ನೋಡ್ತಾರೆ ಮಾರಾಯ್ತಿ" ಎಂದು ಡಬ್ಬ ಎತ್ತಿಕೊಂಡು ಹೊರಟರು.